ಹಾಸಿಗೆಯ ದಿನಗಳನ್ನು ಕಳೆಯುವ ಬಗೆ
(ತೊಡೆಯ ಕೀಲು ಬದಲಾಯಿಸಿಕೊಂಡವರಿಗೂ ಅವರ ಮನೆಯವರಿಗೂ ಒಂದು ಪಾಠ)

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿದವರಿಗೆಲ್ಲ ಕಾಯುವುದೆಂದರೇನೆಂದು ಗೊತ್ತು. ಗಾಡಿ ಎರಡು ತಾಸು ತಡವೆಂದು ತಿಳಿದರೆ ಬುತ್ತಿ ಬಿಚ್ಚಿ ಉಂಡು, ಪಕ್ಕದವರೊಡನೆ ಮಾತಾಡಿ ಹೊತ್ತು ಕಳೆಯುತ್ತೇವೆ. ಯಾವಾಗ ಬರುವುದೆಂದೇ ತಿಳಿಯದಿದ್ದರೆ ಅರ್ಧ ತಾಸೂ ಅರ್ಧ ದಿನವಾಗುತ್ತದೆ. ತೊಡೆಯ ಬುಡದ ಕೀಲನ್ನು ಬದಲಾಯಿಸಿಕೊಂಡು ಮನೆಗೆ ಬಂದವರ ಸ್ಥಿತಿಯೂ ಹೀಗೆಯೇ. ನೋವಿಗೆ ಗುಳಿಗೆ ಉಂಟು. ಬೇಸರಕ್ಕೆ ಗುಳಿಗೆ ಇಲ್ಲ. ಆದರೆ ಉಪಾಯ ಉಂಟು. ಅದನ್ನು ಈ ಪಾಠದಲ್ಲಿ ನೋಡೋಣ.

1. ಬೇಸರ ಏಕೆ ಬರುತ್ತದೆ?

ನಮ್ಮ ಬಾಳುವೆಯೆಲ್ಲ ನೆಲದ ಮೇಲಿನದು. ಉಣ್ಣುವುದು ನೆಲದ ಮೇಲೆ. ರೊಟ್ಟಿ ಬಡಿಯುವುದು ಒಲೆಯ ಮುಂದೆ ಕುಳಿತು. ಪೂಜೆ, ನಮಾಜು, ನಿದ್ದೆ ಎಲ್ಲವೂ ನೆಲದ ಮೇಲೆಯೇ. ಶಸ್ತ್ರಕ್ರಿಯೆಯಾದ ಮೇಲೆ ವೈದ್ಯರು ಹೇಳುವುದೇನು? ಕುಕ್ಕರಗಾಲಿನಲ್ಲಿ ಕೂಡಬಾರದು. ಚಕ್ಕಳಮಕ್ಕಳ ಹಾಕಬಾರದು. ಕಾಲ ಮೇಲೆ ಕಾಲು ಹಾಕಬಾರದು. ಕುಳಿತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಶಸ್ತ್ರಕ್ರಿಯೆ ಮಾಡಿದ ಬಗೆಯನ್ನು ನೋಡಿ ಸಾಮಾನ್ಯವಾಗಿ 6ರಿಂದ 12 ವಾರ ಈ ಕಟ್ಟುಗಳಿರುತ್ತವೆ. ಕುಕ್ಕರಗಾಲಿನಂಥ ಕೆಲವನ್ನು ಮುಂದೆಯೂ ಬಿಡಬೇಕಾಗಬಹುದು.

ನಲವತ್ತು ವರ್ಷ ಮನೆಗೆಲ್ಲ ರೊಟ್ಟಿ ಬಡಿದ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ತಾನು ಮಂಚದ ಮೇಲೆ. ಅವಳು ಕಳೆದುಕೊಂಡದ್ದು ನಡಿಗೆಯನ್ನಷ್ಟೇ ಅಲ್ಲ, ಮನೆಯೊಳಗಿನ ತನ್ನ ಜಾಗವನ್ನು. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ಅವಳ ಮನಸ್ಸನ್ನು ಚುಚ್ಚುತ್ತದೆ. ಆದರೆ ಆ ಗಾದೆಯನ್ನು ಹೇಳಿದ್ದು ದುಡಿಯಬಲ್ಲ ಮೈಗಳ್ಳನಿಗೆ, ಮಾಯುತ್ತಿರುವವರಿಗಲ್ಲ. ಮಾಯುವುದೂ ಒಂದು ಕೆಲಸವೇ. ಇದನ್ನು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು.

2. ಒಳಗೆ ಏನು ನಡೆದಿದೆ?

ತೊಡೆಯ ಮೂಳೆಯ ತುದಿ ಗುಂಡಾಗಿರುತ್ತದೆ. ಅದು ಬಟ್ಟಲಿನಂಥ ಕುಳಿಯಲ್ಲಿ ತಿರುಗುತ್ತದೆ. ಬಿದ್ದು ಮುರಿದಾಗ, ಸವೆದಾಗ, ಇಲ್ಲವೆ ರಕ್ತ ಸಿಗದೆ ಮೂಳೆ ಕೊಳೆತಾಗ ಆ ಗುಂಡು ಮತ್ತು ಬಟ್ಟಲನ್ನು ಬದಲಾಯಿಸುತ್ತಾರೆ. ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿ ಅವರು 1962ರಲ್ಲಿ ಲೋಹದ ಸಣ್ಣ ಗುಂಡು ಮತ್ತು ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲನ್ನು ಕೂಡಿಸಿ ಇದನ್ನು ನೆಲೆಗೊಳಿಸಿದರು. ಅದನ್ನು ಮೂಳೆಗೆ ಕಚ್ಚಿಸಲು ‘ಮೂಳೆ ಸಿಮೆಂಟು’ ಎಂಬುದನ್ನು ಬಳಸುವುದುಂಟು. ಇದು ವಾಡಿ, ಸೇಡಂ ಕಾರ್ಖಾನೆಗಳ ಸಿಮೆಂಟಲ್ಲ. ಅಕ್ರಿಲಿಕ್ ಎಂಬ ಬೇರೆಯೇ ಪದಾರ್ಥ, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸಿಮೆಂಟಿಲ್ಲದೆ ಕೂಡಿಸಿದರೆ, ಒರಟಾದ ಲೋಹದೊಳಕ್ಕೆ ಮೂಳೆಯೇ ನಿಧಾನವಾಗಿ ಬೆಳೆದು ಹಿಡಿದುಕೊಳ್ಳುತ್ತದೆ.

‘ಮರುದಿನವೇ ನಡೆಸಿದರು, ಮತ್ತೆ ಇಷ್ಟು ದಿನ ಏಕೆ?’ ಎಂದು ಹಲವರು ಕೇಳುತ್ತಾರೆ. ಕೀಲು ಹೊಸದು, ಆದರೆ ಅದರ ಸುತ್ತಲಿನ ಮಾಂಸಖಂಡಗಳು ಹಳೆಯವು. ಅವು ಗಾಯವಾಗಿವೆ, ಬಲಗುಂದಿವೆ. ಅವು ಕೂಡಿಕೊಂಡು ಬಲ ಪಡೆಯಲು ಕಾಲ ಬೇಕು.

ನಮ್ಮ ತೊಗರಿಯನ್ನು ನೋಡಿರಿ. ಬಿತ್ತಿದ ಮೊದಲ ಒಂದೂವರೆ ಎರಡು ತಿಂಗಳು ಅದು ಬೆಳೆದಂತೆಯೇ ಕಾಣುವುದಿಲ್ಲ. ನಡುಸಾಲಿನ ಹೆಸರು ಅದನ್ನು ಮೀರಿ ನಿಲ್ಲುತ್ತದೆ. ಆದರೆ ಆ ಹೊತ್ತಿನಲ್ಲಿ ತೊಗರಿ ಕೆಳಗೆ ಬೇರು ಬಿಡುತ್ತಿರುತ್ತದೆ. ಅನುಭವವುಳ್ಳ ರೈತ ಅದನ್ನು ಕಿತ್ತು ನೋಡುವುದಿಲ್ಲ. ಕೀಲಿನದೂ ಹಾಗೆಯೇ. ಮೊದಲ ಆರು ವಾರ ಬೇರಿನ ಕಾಲ. ಮೂರು ತಿಂಗಳ ಹೊತ್ತಿಗೆ ಅನೇಕರು ದಿನದ ಕೆಲಸಗಳಿಗೆ ಮರಳುತ್ತಾರೆ. ಪೂರ್ತಿ ಬಲ ಬರಲು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಹಿಡಿಯುತ್ತದೆ. ನಿಮ್ಮ ಗಾಡಿಯ ವೇಳೆಯನ್ನು ನಿಮ್ಮ ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

3. ದಿನವನ್ನು ಹಂಚಿಕೊಳ್ಳಿ

ಹಂಚದ ದಿನ ಬೆಟ್ಟದಂತೆ ಕಾಣುತ್ತದೆ. ಹಂಚಿದ ದಿನ ಸಾಗುತ್ತದೆ.

ಬೆಳಿಗ್ಗೆ: ಬಿಸಿಲೇರುವ ಮೊದಲು ವಾಕರ್ ಹಿಡಿದು ನಡೆಯಿರಿ. ಒಮ್ಮೆಗೆ ಬಹಳ ನಡೆಯುವುದಕ್ಕಿಂತ ಹಲವು ಸಲ ಸ್ವಲ್ಪ ಸ್ವಲ್ಪ ನಡೆಯುವುದು ಲೇಸು. ಇಂದು ಮಂಚದಿಂದ ಪಡಸಾಲೆ, ನಾಲ್ಕು ದಿನಕ್ಕೆ ಅಂಗಳ, ಮುಂದೆ ಓಣಿಯ ಮೂಲೆ. ಇದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಬರೆಯಲು ಬಾರದವರು ಮೊಮ್ಮಕ್ಕಳಿಂದ ಬರೆಸಿರಿ. ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣದಿರಬಹುದು. ಹದಿನೈದು ದಿನದ ಹಿಂದಿನ ಹಾಳೆ ತೆರೆದರೆ ಕಂಡೇ ಕಾಣುತ್ತದೆ.

ಹಗಲು: ಎತ್ತರದ, ಕೈಯುಳ್ಳ ಕುರ್ಚಿಯಲ್ಲಿ ಕುಳಿತು ಮಾಡಬಲ್ಲ ಕೆಲಸವನ್ನು ಕೇಳಿ ಪಡೆಯಿರಿ. ಮೊರವನ್ನು ಮೇಜಿನ ಮೇಲಿಟ್ಟು ತೊಗರಿ ಬೇಳೆ, ಜೋಳ ಹಸನು ಮಾಡಬಹುದು. ಕಾಯಿಪಲ್ಯ ಸೋಸಬಹುದು. ಹೂಬತ್ತಿ ಹೊಸೆಯಬಹುದು. ಕೌದಿಯ ಒಂದು ಅಂಚು ಹೊಲಿಯಬಹುದು. ಗಂಡಸರು ಹೊಲದ ಲೆಕ್ಕ ಬರೆಯಬಹುದು, ಮಕ್ಕಳ ಅಭ್ಯಾಸ ನೋಡಬಹುದು. ಆದರೆ ಒಂದೇ ಕಡೆ ಬಹಳ ಹೊತ್ತು ಕೂಡಬೇಡಿ. ಆಗಾಗ ಎದ್ದು ನಾಲ್ಕು ಹೆಜ್ಜೆ ಇಡಿ. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿರಿ. ಇದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆಯಾಗುತ್ತದೆ.

ಸಂಜೆ: ಜನರ ಹೊತ್ತು. ಬಾಗಿಲ ಕಟ್ಟೆ ತಕ್ಕಷ್ಟು ಎತ್ತರವಿದ್ದರೆ ಅಲ್ಲಿ ಕುಳಿತುಕೊಳ್ಳಿ. ತಗ್ಗಾಗಿದ್ದರೆ ಕುರ್ಚಿಯನ್ನೇ ಬಾಗಿಲಿಗೆ ತರಿಸಿರಿ. ಕಲಬುರಗಿ ಆಕಾಶವಾಣಿ ಕೇಳಿರಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಬಲ್ಲವರು ಹಾಡಿರಿ. ಹಾಡಿಗೆ ನೆಲವೇ ಬೇಕೆಂದಿಲ್ಲ. ಪೂಜೆ, ನಮಾಜನ್ನು ಕುರ್ಚಿಯ ಮೇಲೆ ಕುಳಿತು ಮಾಡಿದರೂ ಸಲ್ಲುತ್ತದೆ. ಪಂಚಾಯಿತಿಯ ಅರಿವು ಕೇಂದ್ರದಿಂದ ಪುಸ್ತಕ ತರಿಸಿರಿ. ಮಳಖೇಡದವರಿಗೆ ರಾಷ್ಟ್ರಕೂಟರ ರಾಜಧಾನಿಯ ಕಥೆ ಮನೆಯ ಕಥೆಯೇ. ಕೋಟೆ, ಕಾಗಿಣಾ ನದಿ, ಹೊಲಗಳ ಹಳೆಯ ಹೆಸರು, ನೀವು ಕಂಡ ಬರಗಾಲ, ಇವನ್ನೆಲ್ಲ ಮೊಮ್ಮಕ್ಕಳಿಗೆ ಹೇಳಿ ಬರೆಸಿರಿ. ಆರಾಮಿದ್ದಾಗ ಇದಕ್ಕೆ ನಿಮಗೆ ಬಿಡುವೇ ಇರಲಿಲ್ಲ.

4. ಸಿಟ್ಟು ಮತ್ತು ಸಂಕೋಚ

ಶೌಚಕ್ಕೆ ಹೋಗಲು ಮತ್ತೊಬ್ಬರನ್ನು ಕರೆಯಬೇಕಾದಾಗ ಯಾರಿಗಾದರೂ ನಾಚಿಕೆಯಾಗುತ್ತದೆ. ನಾಚಿಕೆ ಹೊರಬೀಳಲು ದಾರಿಯಿಲ್ಲದೆ ಸಿಟ್ಟಾಗುತ್ತದೆ. ಆ ಸಿಟ್ಟು ಬೀಳುವುದು ಸೊಸೆಯ ಮೇಲೆ, ಇಲ್ಲವೆ ಹೆಂಡತಿಯ ಮೇಲೆ. ಕೆಲವರು ಕರೆಯಬಾರದೆಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ಇನ್ನು ಕೆಲವರು ರಾತ್ರಿ ಒಬ್ಬರೇ ಎದ್ದು ಬೀಳುತ್ತಾರೆ. ಎರಡೂ ಅಪಾಯ. ನೀರು ಕಡಿಮೆಯಾದರೆ ಮಲ ಕಟ್ಟುತ್ತದೆ, ಬಿಸಿಲುಗಾಲದಲ್ಲಿ ತಲೆ ಸುತ್ತುತ್ತದೆ.

ಇದಕ್ಕೆ ಮದ್ದು ಉಪದೇಶವಲ್ಲ, ಸಲಕರಣೆ. ಎತ್ತರದ ಕಮೋಡು ಕುರ್ಚಿ ತರಿಸಿರಿ. ಮಂಚದ ಹತ್ತಿರ ಒಂದು ಗಂಟೆ, ಒಂದು ಬ್ಯಾಟರಿ ಇಡಿ. ಶಹಾಬಾದಿನ ಫರಸಿ ಹಾಸಿದ ನೆಲ ತೊಯ್ದರೆ ಜಾರುತ್ತದೆ. ನಡೆಯುವ ದಾರಿಯನ್ನು ಒಣಗಿಸಿ ಇಡಿ. ಬಿದ್ದ ವಸ್ತುವನ್ನು ಬಗ್ಗಿ ಎತ್ತಬೇಡಿ. ಒಂದೊಂದು ಕೆಲಸ ತಾನೇ ಮಾಡಿಕೊಳ್ಳುವಂತಾದಂತೆ ಸಿಟ್ಟು ತಾನೇ ಇಳಿಯುತ್ತದೆ. ಸಿಟ್ಟಿನಲ್ಲಿ ಒಂದು ಮಾತು ಹೆಚ್ಚಾದರೆ, ‘ನಿನ್ನ ಮೇಲಲ್ಲ ತಾಯಿ, ನನ್ನ ಕಾಲಿನ ಮೇಲೆ ಸಿಟ್ಟು’ ಎಂದು ಹೇಳಿಬಿಡಿ. ಅಷ್ಟರಿಂದ ಯಾರೂ ಸಣ್ಣವರಾಗುವುದಿಲ್ಲ.

5. ಮನೆಯವರಿಗೆ, ನೆಂಟರಿಗೆ ನಾಲ್ಕು ಮಾತು

ಎಲ್ಲವನ್ನೂ ನೀವೇ ಮಾಡಬೇಡಿ. ಅವರು ಎದ್ದು ತರಬಲ್ಲದ್ದನ್ನು ಅವರೇ ತರಲಿ, ನೀವು ಪಕ್ಕದಲ್ಲಿರಿ. ಮನೆಯ ವಿಚಾರದಲ್ಲಿ ಅವರ ಸಲಹೆ ಕೇಳುವುದನ್ನು ನಿಲ್ಲಿಸಬೇಡಿ. ‘ಅವರಿಗೆ ಒಂದೇ ತಿಂಗಳಲ್ಲಿ ಆರಾಮಾಯಿತು’ ಎಂಬ ಹೋಲಿಕೆ ಬೇಡ. ಮಾತಾಡಿಸಲು ಬಂದ ನೆಂಟರು ಕೆಟ್ಟುಹೋದ ಶಸ್ತ್ರಕ್ರಿಯೆಗಳ ಕಥೆ ಹೇಳಬಾರದು. ವೈದ್ಯರನ್ನು ಕೇಳದೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಬಾರದು. ಆರೈಕೆ ಮಾಡುವವರೂ ದಣಿಯುತ್ತಾರೆ. ದಿನಕ್ಕೆ ಒಂದು ತಾಸಾದರೂ ಬೇರೆಯವರು ಆ ಜಾಗಕ್ಕೆ ಬರಲಿ.

6. ಇದು ಬರಿಯ ಬೇಸರವಲ್ಲ ಎಂದು ತಿಳಿಯುವುದು ಹೇಗೆ?

ಬೇಸರ ಬಂದು ಹೋಗುತ್ತದೆ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಊಟ ನಿದ್ದೆ ಕೆಟ್ಟರೆ, ವ್ಯಾಯಾಮವನ್ನೇ ಬಿಟ್ಟರೆ, ಅದು ಮನೋವ್ಯಥೆ. ವೈದ್ಯರಿಗೆ ಹೇಳಿರಿ, ಆಶಾ ಕಾರ್ಯಕರ್ತೆಗೆ ತಿಳಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ‘ಬದುಕೇ ಬೇಡ’ ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಹೇಳಿರಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಮೈಯ ಸೂಚನೆಗಳನ್ನೂ ಮರೆಯಬಾರದು. ಮೀನಖಂಡ ಬಾತು ನೋಯುವುದು, ಜ್ವರ, ಗಾಯದಿಂದ ಕೀವು ಸೋರುವುದು, ತಟ್ಟನೆ ಕಾಲು ಗಿಡ್ಡವಾಗಿ ಅಥವಾ ತಿರುಚಿ ನೋಯುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದರೆ, ಎದೆ ನೊಂದರೆ ಕೂಡಲೇ 108ಕ್ಕೆ ಕರೆ ಮಾಡಿರಿ.

‘ತಾಳಿದವನು ಬಾಳಿಯಾನು’ ಎಂದು ಹಿರಿಯರು ಹೇಳಿದ್ದಾರೆ. ತಾಳುವುದೆಂದರೆ ಕೈಕಟ್ಟಿ ಮಲಗುವುದಲ್ಲ. ತೊಗರಿಯ ಹಾಗೆ, ಕಾಣದ ಕಡೆ ಬೆಳೆಯುವುದು.

ಕೂಡಿ ಚರ್ಚಿಸಿರಿ:
1. ನಿಮ್ಮ ಮನೆಯಲ್ಲಿ ನೆಲದ ಮೇಲೆ ಕೂಡದೆ ಮಾಡಬಹುದಾದ ಐದು ಕೆಲಸಗಳು ಯಾವುವು?
2. ಮಂಚದಿಂದ ಶೌಚದವರೆಗೆ ಜಾರುವ, ಎಡವುವ ಜಾಗಗಳು ಎಷ್ಟಿವೆ?
3. ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರ ಮನೆಗೆ ಈ ವಾರ ಯಾರು ಹೋಗುತ್ತೀರಿ?