ಗಂಡು ಹಕ್ಕಿ ಯಾವುದು? ಹೆಣ್ಣು ಹಕ್ಕಿ ಯಾವುದು?

ಮಕ್ಕಳೆ, ಮನೆಯ ಅಂಗಳದಲ್ಲಿ ಓಡಾಡುವ ಕೋಳಿಗಳಲ್ಲಿ ಹುಂಜ ಯಾವುದು, ಹೇಟೆ ಯಾವುದು ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಹುಂಜಕ್ಕೆ ದೊಡ್ಡ ಜುಟ್ಟು, ಬಾಗಿದ ಬಾಲದ ಗರಿ, ನಸುಕಿನ ಕೂಗು. ಹಾಗಾದರೆ ಶಾಲೆಯ ಮುಂದಿನ ಬೇವಿನ ಮರದ ಮೇಲೆ ಕುಳಿತ ಎರಡು ಕಾಗೆಗಳಲ್ಲಿ ಗಂಡು ಯಾವುದು? ಹೆಣ್ಣು ಯಾವುದು? ಈಗ ಉತ್ತರ ಅಷ್ಟು ಸುಲಭವಲ್ಲ, ಅಲ್ಲವೆ?

ಕೆಲವು ಹಕ್ಕಿಗಳಲ್ಲಿ ಗಂಡು ಹೆಣ್ಣುಗಳ ವ್ಯತ್ಯಾಸ ಕಣ್ಣಿಗೆ ಎದ್ದು ಕಾಣುತ್ತದೆ. ಕೆಲವುಗಳಲ್ಲಿ ಎಷ್ಟು ನೋಡಿದರೂ ಕಾಣುವುದಿಲ್ಲ. ಇದನ್ನು ತಿಳಿಯುವ ದಾರಿಗಳು ಯಾವುವು? ತಿಳಿದರೆ ಏನು ಪ್ರಯೋಜನ? ನೋಡೋಣ.

ಮೊದಲ ಗುರುತು: ಬಣ್ಣ

ಗುಬ್ಬಿಯಿಂದ ಆರಂಭಿಸೋಣ. ಗಂಡು ಗುಬ್ಬಿಯ ನೆತ್ತಿ ಬೂದು ಬಣ್ಣ. ಗಂಟಲು ಮತ್ತು ಎದೆಯ ಮೇಲ್ಭಾಗದಲ್ಲಿ ಕಪ್ಪು ಮಚ್ಚೆ ಇರುತ್ತದೆ. ಹೆಣ್ಣಿಗೆ ಈ ಕಪ್ಪು ಮಚ್ಚೆ ಇಲ್ಲ. ಅದರ ಮೈ ಮಾಸಲು ಕಂದು. ಕಣ್ಣಿನ ಹಿಂದೆ ತಿಳಿ ಬಣ್ಣದ ಒಂದು ಗೆರೆ ಇರುತ್ತದೆ.

ಗಿಳಿಯಲ್ಲಿ ಕೊರಳನ್ನು ನೋಡಬೇಕು. ಬೆಳೆದ ಗಂಡು ಗಿಳಿಯ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಉಂಗುರವಿದೆ. ಹೆಣ್ಣಿಗೆ ಇಲ್ಲ.

ಕೋಗಿಲೆಯ ಸಂಗತಿ ಇನ್ನೂ ಸ್ವಾರಸ್ಯ. ಗಂಡು ಕೋಗಿಲೆ ಹೊಳೆಯುವ ಕಪ್ಪು. ಹೆಣ್ಣು ಕಪ್ಪಲ್ಲ. ಅದು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ ಮತ್ತು ಪಟ್ಟೆ. ಎರಡಕ್ಕೂ ಕಣ್ಣು ಕೆಂಪು. ಬೇಸಿಗೆಯಲ್ಲಿ 'ಕುಹೂ ಕುಹೂ' ಎಂದು ಹಾಡುವುದು ಗಂಡು. ಆದರೂ ನಾವು ಚೆನ್ನಾಗಿ ಹಾಡುವ ಹುಡುಗಿಯನ್ನೇ ಕೋಗಿಲೆ ಎಂದು ಹೊಗಳುತ್ತೇವೆ!

ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆ ಕಡೆಯ ಮಕ್ಕಳಿಗೆ ನವಿಲು ಹೊಸದಲ್ಲ. ಉದ್ದ ಗರಿ ಇದ್ದರೆ ಗಂಡು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಳೆಗಾಲ ಮುಗಿಯುತ್ತ ಬಂದಂತೆ ಗಂಡು ನವಿಲು ತನ್ನ ಗರಿಗಳನ್ನು ಉದುರಿಸುತ್ತದೆ. ಆಗ ಗುರುತು ಹೇಗೆ? ಕುತ್ತಿಗೆ ನೋಡಿ. ಗಂಡಿನ ಕುತ್ತಿಗೆ ಹೊಳೆಯುವ ನೀಲಿ, ಹೆಣ್ಣಿನದು ಹಸಿರು ಛಾಯೆಯದು.

ಬಣ್ಣ ಏಕೆ ಬೇರೆ?

ತೆರೆದ ಜಾಗದಲ್ಲಿ ಮೊಟ್ಟೆಯ ಮೇಲೆ ಕೂಡುವ ಹೆಣ್ಣು ಶತ್ರುವಿನ ಕಣ್ಣಿಗೆ ಬೀಳಬಾರದು. ಮಣ್ಣಿನ, ಒಣ ಹುಲ್ಲಿನ ಬಣ್ಣ ಅದಕ್ಕೆ ರಕ್ಷಣೆ. ಗಂಡಿಗೆ ಬೇರೆ ಚಿಂತೆ. ಹತ್ತಾರು ಗಂಡುಗಳ ನಡುವೆ ಹೆಣ್ಣು ತನ್ನನ್ನೇ ಆರಿಸಬೇಕು. ಅದಕ್ಕೆ ಬಣ್ಣ, ಕುಣಿತ, ಹಾಡು.

ಗೀಜಗನ ಗೂಡನ್ನು ನೀವು ಈಚಲು ಮರದಲ್ಲೋ ಜಾಲಿ ಮರದಲ್ಲೋ ನೋಡಿರಬಹುದು. ಮಳೆಗಾಲದಲ್ಲಿ ಗಂಡು ಗೀಜಗನ ತಲೆ ಅರಿಸಿನ ಹಳದಿಯಾಗುತ್ತದೆ. ಗೂಡು ನೇಯುವುದು ಗಂಡೇ. ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಮಾತ್ರ ಗೂಡು ಪೂರ್ಣಗೊಳ್ಳುತ್ತದೆ. ಕಾಲ ಮುಗಿದ ಮೇಲೆ ಗಂಡಿನ ಹಳದಿ ಮಾಯ! ಆಗ ಎರಡೂ ಒಂದೇ ತರಹ ಕಾಣುತ್ತವೆ.

ಹಾಗಾದರೆ 'ಬಣ್ಣವಿದ್ದರೆ ಗಂಡು' ಎಂದು ಬರೆದುಕೊಳ್ಳಬಹುದೆ? ಬೇಡ. ಜೌಗು ನೆಲದಲ್ಲಿ ಬದುಕುವ ಬಣ್ಣದ ಉಲ್ಲಂಕಿ ಎಂಬ ಹಕ್ಕಿಯಲ್ಲಿ ಹೆಣ್ಣಿಗೇ ಹೆಚ್ಚು ಬಣ್ಣ. ಅಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವುದು ಗಂಡು. ಕಾವು ಕೊಡುವವರ ಮೈ ಮಾಸಲು ಎಂಬ ಮಾತು ಇಲ್ಲೂ ನಿಜವಾಯಿತಲ್ಲವೆ?

ಎರಡೂ ಒಂದೇ ತರಹ ಇದ್ದರೆ?

ಕಾಗೆ, ಗೊರವಂಕ, ಪಾರಿವಾಳ ಇವುಗಳಲ್ಲಿ ಗಂಡು ಹೆಣ್ಣಿನ ಬಣ್ಣ ಒಂದೇ. ನಮ್ಮ ರಾಜ್ಯದ ಪಕ್ಷಿ ನೀಲಕಂಠವೂ ಹಾಗೆಯೇ. ಆಗ ನಡತೆಯನ್ನು ಗಮನಿಸಬೇಕು.

ವಾಡಿ ಅಥವಾ ಶಹಾಬಾದ್ ರೈಲು ನಿಲ್ದಾಣಕ್ಕೆ ಹೋದಾಗ ಪಾರಿವಾಳಗಳನ್ನು ನೋಡಿ. ಕೊರಳುಬ್ಬಿಸಿ, ಗುಟುರು ಹಾಕುತ್ತ, ಇನ್ನೊಂದರ ಸುತ್ತ ಸುತ್ತುವುದು ಸಾಮಾನ್ಯವಾಗಿ ಗಂಡು. ಇನ್ನೊಂದು ಗುರುತೂ ಇದೆ. ಪಾರಿವಾಳದ ಜೋಡಿ ಪಾಳಿಯ ಮೇಲೆ ಕಾವು ಕೊಡುತ್ತದೆ. ಸಂಜೆಯಿಂದ ಬೆಳಗಿನವರೆಗೆ ಹೆಣ್ಣು, ನಡುಹಗಲಿನಲ್ಲಿ ಗಂಡು. ಅಂದರೆ ಮಧ್ಯಾಹ್ನ ಗೂಡಿನಲ್ಲಿ ಕುಳಿತದ್ದು ಹೆಚ್ಚಾಗಿ ಅಪ್ಪ! ಕಾರ್ಖಾನೆಯ ಕೆಲಸಗಾರರಂತೆ ಇವಕ್ಕೂ ಹಗಲು ಪಾಳಿ, ರಾತ್ರಿ ಪಾಳಿ.

ಪೆಂಗ್ವಿನ್ ಎಂಬ ಒಗಟು

ಪೆಂಗ್ವಿನ್‌ಗಳು ಹಾರಲಾರದ ಹಕ್ಕಿಗಳು. ಭೂಮಿಯ ದಕ್ಷಿಣಾರ್ಧದಲ್ಲಿ ವಾಸ. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಗಂಡಿಗೂ ಅದೇ ಅಂಗಿ, ಹೆಣ್ಣಿಗೂ ಅದೇ ಅಂಗಿ. ಸಾಮಾನ್ಯವಾಗಿ ಗಂಡು ಸ್ವಲ್ಪ ದಪ್ಪ, ಕೊಕ್ಕು ಸ್ವಲ್ಪ ದೊಡ್ಡದು. ಆದರೆ ದಪ್ಪ ಹೆಣ್ಣೂ ಇರುತ್ತದೆ, ಸಣ್ಣ ಗಂಡೂ ಇರುತ್ತದೆ. ಆದ್ದರಿಂದ ಅಳತೆಯೊಂದನ್ನೇ ನಂಬಿದರೆ ತಪ್ಪಾಗಬಹುದು.

ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್‌ನಲ್ಲಿ ಹೆಣ್ಣು ಒಂದೇ ಮೊಟ್ಟೆಯಿಟ್ಟು ಗಂಡಿಗೆ ಒಪ್ಪಿಸಿ ಸಮುದ್ರಕ್ಕೆ ಹೋಗುತ್ತದೆ. ಗಂಡು ಆ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು, ಕಡು ಚಳಿಯಲ್ಲಿ, ಏನನ್ನೂ ತಿನ್ನದೆ ಎರಡು ತಿಂಗಳಿಗೂ ಹೆಚ್ಚು ಕಾಲ ನಿಲ್ಲುತ್ತದೆ. ಹೆಣ್ಣು ಮರಳಿ ಬಂದಾಗ ಸಾವಿರಾರು ಹಕ್ಕಿಗಳ ನಡುವೆ ತನ್ನ ಜೋಡಿಯನ್ನು ಗುರುತಿಸುವುದು ಕೂಗಿನಿಂದ. ಗಂಡಿನ ಕೂಗಿನ ಲಯ ಬೇರೆ, ಹೆಣ್ಣಿನದು ಬೇರೆ. ನಮಗೆ ಒಂದೇ ತರಹ ಕಂಡರೂ ಅವು ಪರಸ್ಪರ ಗೊಂದಲಗೊಳ್ಳುವುದಿಲ್ಲ.

ಪೆಂಗ್ವಿನ್ ನೋಡಲು ಅಂಟಾರ್ಕ್ಟಿಕಾಕ್ಕೇ ಹೋಗಬೇಕಿಲ್ಲ. ವಾಡಿಯಿಂದ ಮುಂಬೈ ರೈಲು ಹತ್ತಿದರೆ ಸಾಕು! ಮುಂಬೈಯ ಬೈಕುಲಾ ಮೃಗಾಲಯಕ್ಕೆ 2016ರಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತಂದರು. 2017ರ ಮಾರ್ಚ್‌ನಿಂದ ಜನರಿಗೆ ಅವುಗಳನ್ನು ನೋಡುವ ಅವಕಾಶವಾಯಿತು. ನಂತರದ ವರ್ಷಗಳಲ್ಲಿ ಅಲ್ಲಿ ಮರಿಗಳೂ ಹುಟ್ಟಿದವು. ಹಂಬೋಲ್ಟ್ ಪೆಂಗ್ವಿನ್‌ಗಳ ಮೂಲ ನೆಲೆ ದಕ್ಷಿಣ ಅಮೆರಿಕದ ಪೆರು ಮತ್ತು ಚಿಲಿ ದೇಶಗಳ ಕರಾವಳಿ.

ಗರಿಯೊಂದು ಹೇಳುವ ಗುಟ್ಟು

ಕಣ್ಣಿಗೆ ಕಾಣದ ವ್ಯತ್ಯಾಸ ಜೀವಕೋಶದೊಳಗೆ ಇರುತ್ತದೆ. ಪ್ರತಿ ಜೀವಕೋಶದಲ್ಲೂ ವರ್ಣತಂತುಗಳಿವೆ. ಹಕ್ಕಿಗಳಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳಿಗೆ ಝಡ್ ಮತ್ತು ಡಬ್ಲ್ಯೂ ಎಂದು ಹೆಸರು. ಎರಡೂ ಝಡ್ ಇದ್ದರೆ ಗಂಡು. ಒಂದು ಝಡ್, ಒಂದು ಡಬ್ಲ್ಯೂ ಇದ್ದರೆ ಹೆಣ್ಣು. ಒಂದು ಹನಿ ರಕ್ತ ಅಥವಾ ಗರಿಯ ಬುಡದಿಂದ ಡಿ.ಎನ್.ಎ. ತೆಗೆದು ಪ್ರಯೋಗಾಲಯದಲ್ಲಿ ಇದನ್ನು ಖಚಿತಪಡಿಸಬಹುದು. ಮೃಗಾಲಯಗಳಲ್ಲಿ ಪೆಂಗ್ವಿನ್‌ನಂತಹ ಹಕ್ಕಿಗಳ ಲಿಂಗ ತಿಳಿಯಲು ಈ ವಿಧಾನ ಬಳಸುತ್ತಾರೆ.

ಇಲ್ಲಿ ಒಂದು ಮಾತು. ಹಕ್ಕಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ಅಂಡದಲ್ಲಿ ಯಾವ ವರ್ಣತಂತು ಇದೆ ಎಂಬುದನ್ನು ಅವಲಂಬಿಸಿದೆ. ಮನುಷ್ಯರಲ್ಲಿ ಇದು ತಿರುವುಮುರುವು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ತಾಯಿ ಯಾವಾಗಲೂ ಎಕ್ಸ್ ಕೊಡುತ್ತಾಳೆ. ಎಕ್ಸ್ ಅಥವಾ ವೈ ಬರುವುದು ತಂದೆಯಿಂದ. ಅದೂ ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ಹೆಣ್ಣು ಮಗು ಹುಟ್ಟಿತೆಂದು ತಾಯಿಯನ್ನು ದೂರುವವರ ಮಾತಿಗೆ ವಿಜ್ಞಾನದಲ್ಲಿ ಆಧಾರವೇ ಇಲ್ಲ. ಇದನ್ನು ಮನೆಯಲ್ಲೂ ತಿಳಿಸಿ ಹೇಳಿ.

ಎರೆಭೂತನ ಕಥೆ

ಗಂಡು ಹೆಣ್ಣು ತಿಳಿದು ಏನಾಗಬೇಕು ಎಂದು ಕೇಳುವಿರಾ? ಎರೆಭೂತ ಎಂಬ ಹಕ್ಕಿಯ ಸ್ಥಿತಿ ನೋಡಿ. ಸೇಡಂ, ಚಿತ್ತಾಪುರದ ತೊಗರಿ ಹೊಲಗಳ ಕಪ್ಪು ಮಣ್ಣಿಗೆ ಎರೆ ಎನ್ನುತ್ತೇವಲ್ಲ, ಹಕ್ಕಿಯ ಹೆಸರಿನಲ್ಲೂ ಅದೇ ಎರೆ ಇದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಇದು ಕಂಡಿದೆ. ಸುಮಾರು ಒಂದು ಮೀಟರ್ ಎತ್ತರದ ಭಾರಿ ಹಕ್ಕಿ. ಗಂಡು 8ರಿಂದ 14 ಕಿಲೋ ತೂಗುತ್ತದೆ, ಹೆಣ್ಣು ಅದರ ಅರ್ಧದಷ್ಟು. ಗಂಡಿನ ನೆತ್ತಿ ಕಪ್ಪು, ಎದೆಗೆ ಅಗಲವಾದ ಕಪ್ಪು ಪಟ್ಟಿ. ಹೆಣ್ಣಿನ ಎದೆಪಟ್ಟಿ ತುಂಡುತುಂಡಾಗಿರುತ್ತದೆ ಅಥವಾ ಇರುವುದೇ ಇಲ್ಲ. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ.

ಬಯಲಿನಲ್ಲಿ ಸ್ವತಂತ್ರವಾಗಿ ಬದುಕುತ್ತಿರುವ ಎರೆಭೂತಗಳು 200ಕ್ಕಿಂತ ಕಡಿಮೆ ಎಂದು ಅಂದಾಜು. ಗುಜರಾತಿನ ಕಚ್ಛ್ ಪ್ರದೇಶದಲ್ಲಿ 2018ರಲ್ಲಿ ಒಂದೇ ಒಂದು ಗಂಡು ಉಳಿದಿತ್ತು. ಅದೂ ಕಾಣೆಯಾದ ಮೇಲೆ ಅಲ್ಲಿ ಬರೀ ಹೆಣ್ಣುಗಳು ಉಳಿದವು. ಎಣಿಸುವವನಿಗೆ ಹಕ್ಕಿಗಳು ಸಿಗುತ್ತವೆ. ಆದರೆ ಗಂಡಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು? ಬಿಸಿಯೂಟದಲ್ಲಿ ಕೊಡುವ ಫಾರಂ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ. ಅಲ್ಲಿ ಹೇಟೆಗಳ ಜೊತೆ ಹುಂಜ ಇರುವುದಿಲ್ಲ. ಇದೂ ಹಾಗೆಯೇ.

ಅದಕ್ಕಾಗಿಯೇ ಹಕ್ಕಿಗಳ ಸಂಖ್ಯೆಯ ಜೊತೆಗೆ 'ಗಂಡೆಷ್ಟು, ಹೆಣ್ಣೆಷ್ಟು' ಎಂಬ ಲೆಕ್ಕವೂ ಬೇಕು. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ ಎರೆಭೂತಗಳನ್ನು ಸಾಕಿ ಸಂತತಿ ಹೆಚ್ಚಿಸುವ ಕೆಲಸ ನಡೆದಿದೆ. 2024ರ ಅಕ್ಟೋಬರಿನಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂದಿತು. ಎಮ್ಮೆ ಹಸುಗಳಿಗೆ ಪಶು ಆಸ್ಪತ್ರೆಯಲ್ಲಿ ಮಾಡುವಂತಹದೇ ವಿಧಾನ ಇದು.

ಮಾಡಿ ನೋಡಿ

ನಾಲ್ಕೈದು ಜನರ ಗುಂಪು ಮಾಡಿಕೊಳ್ಳಿ. ಒಂದು ತಿಂಗಳು ನಿಮ್ಮ ಊರಿನ ಐದು ಹಕ್ಕಿಗಳನ್ನು ಗಮನಿಸಿ. ನೋಟ್‌ಬುಕ್ಕಿನಲ್ಲಿ ಈ ಅಂಕಣಗಳಿರಲಿ: ದಿನಾಂಕ ಮತ್ತು ಸಮಯ, ಹಕ್ಕಿಯ ಹೆಸರು, ಬಣ್ಣ, ಗಾತ್ರ, ಕೂಗು, ಏನು ಮಾಡುತ್ತಿತ್ತು, ಗಂಡೋ ಹೆಣ್ಣೋ ಹೇಳಲಾಗದೋ.

ಕೊನೆಯ 'ಹೇಳಲಾಗದು' ಎಂಬುದೂ ಸರಿಯಾದ ಉತ್ತರವೇ. ಎಳೆಯ ಗಂಡು ಗುಬ್ಬಿ ಹೆಣ್ಣಿನಂತೆಯೇ ಕಾಣುತ್ತದೆ. ಎಳೆಯ ಗಂಡು ಗಿಳಿಗೆ ಉಂಗುರ ಮೂಡಲು ಮೂರು ವರ್ಷದಷ್ಟು ಹಿಡಿಯುತ್ತದೆ. ಊಹಿಸಿ ಬರೆಯುವುದಕ್ಕಿಂತ ಕಂಡದ್ದನ್ನು ಬರೆಯಿರಿ.

ಎಚ್ಚರಿಕೆ: ದೂರದಿಂದ ನೋಡಿ. ಗೂಡು, ಮೊಟ್ಟೆ, ಮರಿಗಳನ್ನು ಮುಟ್ಟಬೇಡಿ. ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು ಕಾನೂನಿನ ಪ್ರಕಾರ ಅಪರಾಧ.

ಯೋಚಿಸಿ ಉತ್ತರಿಸಿ

1. ಡಿಸೆಂಬರಿನಲ್ಲಿ ಗೀಜಗಗಳ ಗುಂಪು ನೋಡಿದ ರಮೇಶ 'ಇಲ್ಲಿ ಎಲ್ಲವೂ ಹೆಣ್ಣು' ಎಂದ. ಅವನ ಮಾತು ಸರಿಯೆ? ಏಕೆ?
2. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುವ ಹಕ್ಕಿಗಳಲ್ಲಿ ಬಣ್ಣ ಹೆಚ್ಚಾಗಿ ಒಂದೇ ಇರುತ್ತದೆ. ಕಾರಣ ಏನಿರಬಹುದು?
3. ಒಂದು ಬಯಲಿನಲ್ಲಿ ಹತ್ತು ಎರೆಭೂತಗಳಿವೆ, ಹತ್ತೂ ಗಂಡು. ಇನ್ನೊಂದರಲ್ಲಿ ನಾಲ್ಕಿವೆ, ಎರಡು ಗಂಡು ಎರಡು ಹೆಣ್ಣು. ಯಾವ ಬಯಲಿನಲ್ಲಿ ಹಕ್ಕಿ ಉಳಿಯುವ ಭರವಸೆ ಹೆಚ್ಚು?

ಉತ್ತರಗಳನ್ನು ತರಗತಿಯಲ್ಲಿ ಚರ್ಚಿಸಿ. ನಿಮ್ಮ ನೋಟ್‌ಬುಕ್ಕನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ.