ಪುಕ್ಕಟೆ ಹಕ್ಕಿಯ ತಿಂಗಳ ಲೆಕ್ಕ

ನಮ್ಮ ಮನೆಗೆ ಬಂದ ಎರಡು ಕಾಕಟೀಲ್ ಹಕ್ಕಿಗಳಿಗೆ ನಾವು ಕೊಟ್ಟ ಬೆಲೆ ಸೊನ್ನೆ. ಮೊದಲ ತಿಂಗಳ ಖರ್ಚು 13,850 ರೂಪಾಯಿ. ಈ ಎರಡು ಸಂಖ್ಯೆಗಳ ನಡುವೆ ಏನೇನಿದೆ ಎಂದು ಗೊತ್ತಿದ್ದರೆ, ಬೇರೆಯವರು ಸಾಕಿದ ಹಕ್ಕಿಯನ್ನು ಮನೆಗೆ ತರಬೇಕೋ ಬೇಡವೋ ಎಂಬ ತೀರ್ಮಾನ ಅರ್ಧ ಆದ ಹಾಗೆ. ಉಳಿದರ್ಧ ದುಡ್ಡಿನದಲ್ಲ, ಹೊತ್ತಿನದು. ಅದಕ್ಕೂ ಈ ಅಂಕಣದಲ್ಲಿ ಜಾಗವಿದೆ. ದುಡ್ಡು ಹೇಗೋ ಹೊಂದಿಸಿ, ಹೊತ್ತು ಹೊಂದಿಸಲಾಗದೆ ಹಕ್ಕಿಯನ್ನು ಇನ್ನೊಂದು ಮನೆಗೆ ದಾಟಿಸಿದವರನ್ನು ನಾನು ಕಂಡಿದ್ದೇನೆ.

ಇವು ಬಂದದ್ದು ಪರಿಚಯದ ದಂಪತಿಯ ಮನೆಯಿಂದ. ಲಾಕ್‌ಡೌನಿನಲ್ಲಿ ಮನೆಯೇ ಆಫೀಸಾಗಿದ್ದಾಗ ಕೊಂಡವರು, ಈಗ ಕೆಲಸ ಸಿಕ್ಕಿ ಯುರೋಪಿಗೆ ಹೊರಟಿದ್ದರು. ಹಕ್ಕಿಗಳನ್ನು ಜೊತೆಗೆ ಒಯ್ಯಲು ಬೇಕಾದ ಕಾಗದಪತ್ರ, ಖರ್ಚು ವಿಚಾರಿಸಿ ಕೈಚೆಲ್ಲಿದ್ದರು. ಗಂಡು ಟೋನಿ, ಹೆಣ್ಣು ಮಿನಿ, ವಯಸ್ಸು ಸುಮಾರು ಐದು. ಆಸ್ಟ್ರೇಲಿಯಾ ಮೂಲದ ಈ ಜುಟ್ಟಿನ ಹಕ್ಕಿಗಳು ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತವೆ. ಅಂದರೆ ಕಡಿಮೆಯೆಂದರೂ ಇನ್ನು ಹತ್ತು ವರ್ಷದ ಹೊಣೆ. ಕಾರಿನ ಸಾಲಕ್ಕಿಂತ ಉದ್ದ.

ದುಡ್ಡಿನ ಮಾತಿಗೆ ಮುಂಚೆ ಕಾನೂನಿನ ಮಾತು. ಗಿಣಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೆಂಪು ಕೊಕ್ಕಿನ ಹಸಿರು ಗಿಣಿ. ಗಿಣಿಶಾಸ್ತ್ರದವರ ಪಂಜರದಲ್ಲೋ ಅಜ್ಜಿಮನೆಯ ಜಗಲಿಯಲ್ಲೋ ಅದನ್ನು ನೋಡಿಯೇ ಬೆಳೆದವರು ನಾವು. ಆದರೆ ಅದನ್ನು ಯಾರು ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬೇಡಿ. ನಮ್ಮ ದೇಶದ ಯಾವ ಗಿಣಿಯನ್ನೂ ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಗಾಯಗೊಂಡ ಗಿಣಿ ಸಿಕ್ಕರೆ ಅರಣ್ಯ ಇಲಾಖೆಗೋ ವನ್ಯಜೀವಿ ಆಸ್ಪತ್ರೆಗೋ ಒಪ್ಪಿಸಬೇಕು. ಬೆಂಗಳೂರಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಇದೆ.

ವಿದೇಶಿ ಗಿಣಿಗಳದು ಬೇರೆ ಲೆಕ್ಕ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ನೋಂದಾಯಿಸಬೇಕೆಂದಾಯಿತು. 2024ರ ನಿಯಮಗಳ ಪ್ರಕಾರ ಅದು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಆಗಬೇಕು, ಶುಲ್ಕ 1,000 ರೂಪಾಯಿ. ಆಫ್ರಿಕನ್ ಗ್ರೇ, ಮಕಾವ್, ಸನ್ ಕಾನ್ಯೂರ್ ಎಲ್ಲ ಇದರಡಿ ಬರುತ್ತವೆ. ಕಾಕಟೀಲ್ ಮತ್ತು ಬಜರಿಗರ್ ಸೈಟ್ಸ್ ಪಟ್ಟಿಯಲ್ಲಿಲ್ಲ. ಹೊಸಬರಿಗೆ ನಾನು ಈ ಎರಡನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ. ಕಾನ್ಯೂರ್ ಕೊಡುತ್ತೇನೆ ಎನ್ನುವವರ ಹತ್ತಿರ ನೋಂದಣಿ ಪತ್ರ ಇಲ್ಲದಿದ್ದರೆ, ಆ ಹಕ್ಕಿಯ ಜೊತೆಗೆ ಅವರ ತಲೆನೋವೂ ನಿಮಗೆ ವರ್ಗವಾಗುತ್ತದೆ.

ಇನ್ನೊಂದು ಎಚ್ಚರಿಕೆ. ‘ಮಾತಾಡುವ ಆಫ್ರಿಕನ್ ಗ್ರೇ ಉಚಿತ, ಸಾಗಾಣಿಕೆ ಖರ್ಚು ಮಾತ್ರ ಕಳಿಸಿ’ ಎಂಬ ಸಂದೇಶ ಬಂದರೆ ನಂಬಬೇಡಿ. ಮೊದಲು ಸಾಗಾಣಿಕೆ ಖರ್ಚು, ಆಮೇಲೆ ಪಂಜರದ ಠೇವಣಿ, ಆಮೇಲೆ ವಿಮೆ ಎಂದು ಕೇಳುತ್ತಲೇ ಹೋಗುತ್ತಾರೆ, ಹಕ್ಕಿ ಬರುವುದೇ ಇಲ್ಲ. ಹಕ್ಕಿ ಈಗಿರುವ ಮನೆಗೆ ಹೋಗಿ, ಅದು ತಿನ್ನುವುದನ್ನು, ಹಿಕ್ಕೆ ಹಾಕುವುದನ್ನು, ಸಾಕಿದವರ ಕೈಗೆ ಬರುವುದನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬಾರದು. ದಾನದ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರೆ. ದಾನದ ಹಕ್ಕಿಯ ಗರಿ, ಮೂಗು, ಹಿಕ್ಕೆ ಎಲ್ಲವನ್ನೂ ನೋಡಲೇಬೇಕು.

ಈಗ ಆ 13,850ರ ವಿವರ. ಹಳೆಯ ಪಂಜರ ಎರಡು ಹಕ್ಕಿಗಳು ಒಟ್ಟಿಗೆ ರೆಕ್ಕೆ ಬಿಚ್ಚುವಷ್ಟು ಅಗಲವಿರಲಿಲ್ಲ, ಹೊಸದಕ್ಕೆ 6,500. ಹಕ್ಕಿಗಳನ್ನು ನೋಡುವ ಪಶುವೈದ್ಯರ ತಪಾಸಣೆ, ಪರೀಕ್ಷೆ ಸೇರಿ 3,800. ಪೆಲೆಟ್ (ಹಕ್ಕಿಗಳ ಸಿದ್ಧ ಆಹಾರ) ಮತ್ತು ಕಾಳು 1,300. ಆಸ್ಪತ್ರೆಗೆ ಒಯ್ಯುವ ಪುಟ್ಟ ಪೆಟ್ಟಿಗೆ 1,200. ಆಟಿಕೆ 600. ಅಡುಗೆಮನೆಯ ಡಿಜಿಟಲ್ ತಕ್ಕಡಿ 450.

ಇದರಲ್ಲಿ ಕೈಬಿಡಲೇಬಾರದ ಎರಡು ಬಾಬ್ತು ವೈದ್ಯರು ಮತ್ತು ತಕ್ಕಡಿ. ಗಿಳಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಸೋಂಕು ತಗಲಬಹುದು. ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಸೇರಿ ಜ್ವರ, ನ್ಯುಮೋನಿಯಾ ಬರುತ್ತದೆ. ವಯಸ್ಸಾದವರಿರುವ ನಮ್ಮಂಥ ಮನೆಯಲ್ಲಿ ಆ ಪರೀಕ್ಷೆಗೆ ಚೌಕಾಸಿ ಮಾಡುವಂತಿಲ್ಲ. ಇನ್ನು ತಕ್ಕಡಿ. ಹಕ್ಕಿ ಕಾಯಿಲೆಯನ್ನು ಬಚ್ಚಿಡುತ್ತದೆ, ಕಾಡಿನಲ್ಲಿ ಸೋತಂತೆ ಕಂಡರೆ ಬೇಟೆಯಾಗುತ್ತದಲ್ಲ. ರೆಕ್ಕೆ ಇಳಿಬಿಟ್ಟು ಕೂತಿತೆಂದರೆ ಕಾಯಿಲೆ ಆಗಲೇ ಬಲಿತಿರುತ್ತದೆ. ಆದರೆ ತೂಕ ಮುಚ್ಚಿಡಲು ಬರುವುದಿಲ್ಲ. ತೊಂಬತ್ತು ಗ್ರಾಂ ಹಕ್ಕಿ ಎಂಬತ್ತಕ್ಕೆ ಇಳಿದರೆ ಆ ದಿನವೇ ವೈದ್ಯರ ಹತ್ತಿರ ಹೊರಡಬೇಕು. ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ನಮ್ಮ ಹಕ್ಕಿಗಳಿಗೆ ವಿಮೆ ಎಂದರೆ ಸದ್ಯಕ್ಕೆ ಇದೇ.

ವೈದ್ಯರನ್ನು ಹಕ್ಕಿ ಬರುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನಲ್ಲೂ ಹಕ್ಕಿ ಬಲ್ಲವರು ಕೆಲವರೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಸಣ್ಣ ಊರಿನವರು ಆಟೋ ಅಥವಾ ಕಾರಿನ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಿಂಗಳ ಖರ್ಚು ನಮ್ಮಲ್ಲಿ ಸುಮಾರು 1,200ಕ್ಕೆ ನಿಂತಿದೆ. ಪೆಲೆಟ್, ಕಾಳು 650, ಸೊಪ್ಪು ತರಕಾರಿ 100, ಕಡಿಯಲು ಮರದ ತುಂಡು, ಹಗ್ಗ 150, ವರ್ಷದ ತಪಾಸಣೆಯನ್ನು ಹನ್ನೆರಡಕ್ಕೆ ಹಂಚಿದರೆ 300. ಬೆಲೆ ಏರದಿದ್ದರೆ ಹತ್ತು ವರ್ಷಕ್ಕೆ 1,44,000. ವರ್ಷಕ್ಕೆ ಶೇ 6ರಂತೆ ಏರಿದರೆ ಹತ್ತಿರಹತ್ತಿರ 1.9 ಲಕ್ಷ. ಇದರ ಹೊರಗೆ ತುರ್ತಿಗೆಂದು ತಿಂಗಳಿಗೆ 500 ರೂಪಾಯಿಯ ಆರ್‌ಡಿ ಕಟ್ಟುತ್ತೇವೆ. ಹೆಣ್ಣು ಕಾಕಟೀಲ್ ಇದ್ದವರಿಗೆ ಇದು ಅಗತ್ಯ. ಗಂಡಿಲ್ಲದೆಯೂ ಅದು ಮೊಟ್ಟೆ ಇಡುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಗಂಟೆಗಳ ಮೇಲೆ ಜೀವ ನಿಂತಿರುತ್ತದೆ. ಮಿನಿ ಮೊಟ್ಟೆ ಇಡಲು ಶುರುಮಾಡಿದಾಗ ವೈದ್ಯರು ಹೇಳಿದ ಉಪಾಯಕ್ಕೆ ಕಾಸು ಖರ್ಚಿಲ್ಲ. ಸಂಜೆ ಬೇಗ ಪಂಜರಕ್ಕೆ ಬಟ್ಟೆ ಮುಚ್ಚಿ ಹನ್ನೆರಡು ಗಂಟೆ ಕತ್ತಲೆ ಕೊಡುವುದು, ಇಟ್ಟ ಮೊಟ್ಟೆಗಳನ್ನು ಅವಸರದಲ್ಲಿ ತೆಗೆಯದಿರುವುದು. ತೆಗೆದರೆ ಲೆಕ್ಕ ತುಂಬಿಸಲು ಮತ್ತೆ ಇಡುತ್ತದಂತೆ.

ಉಳಿತಾಯಕ್ಕೂ ದಾರಿಗಳಿವೆ. ಸಾಕುಪ್ರಾಣಿ ಅಂಗಡಿಯಲ್ಲಿ ಅಂದದ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಮಾರುವ ‘ಸ್ಪ್ರೇ ಮಿಲೆಟ್’ ನಮ್ಮ ನವಣೆ ತೆನೆಯೇ. ಕೊಪ್ಪಳದ ಕಡೆ ಬಂಧುಗಳಿದ್ದವರು ಒಂದು ಕಟ್ಟು ತರಿಸಿಕೊಂಡು ಬಿಸಿಲಿಗೆ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಕೂರುವ ಕೋಲಿಗೆ ಔಷಧಿ ಹೊಡೆಯದ ಪೇರಲೆ ಕೊಂಬೆ ಸಾಕು. ದಪ್ಪ ಸಣ್ಣ ಬೇರೆಬೇರೆ ಇದ್ದರೆ ಕಾಲಿಗೂ ಒಳ್ಳೆಯದು. ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಗೆ ಕೊಬ್ಬು ಹೆಚ್ಚು, ಎ ವಿಟಮಿನ್ ಕಡಿಮೆ. ಅದಕ್ಕೆ ನುಗ್ಗೆಸೊಪ್ಪು, ಕೊತ್ತಂಬರಿ, ಕ್ಯಾರೆಟ್ ಇವೆ. ಒಣಮೆಣಸನ್ನು ಟೋನಿ ಕರಕರ ಕಡಿಯುವುದನ್ನು ನೋಡಿ ನಮ್ಮತ್ತೆ ಗಾಬರಿಯಾಗಿದ್ದರು. ಹಕ್ಕಿಗಳಿಗೆ ಖಾರ ತಾಗುವುದಿಲ್ಲ. ಕೊಡಬಾರದ್ದು ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಕಾಫಿ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಹೊರಡುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಹುದು. ಹಾಗಾಗಿ ಅಟ್ಟದಲ್ಲಿದ್ದ ಕಬ್ಬಿಣದ ಕಾವಲಿ ಮತ್ತೆ ಒಲೆಗೆ ಬಂತು. ಸಾಂಬ್ರಾಣಿ, ಸೊಳ್ಳೆಬತ್ತಿ ನಿಂತವು. ಹಕ್ಕಿ ಹೊರಗಿದ್ದಾಗ ಸೀಲಿಂಗ್ ಫ್ಯಾನ್ ಬಂದ್. ಇದು ನಮ್ಮ ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠ.

ಇನ್ನು ಹೊತ್ತಿನ ಬಾಬ್ತು. ಬೇರೆ ಮನೆಯಲ್ಲಿ ಬೆಳೆದ ಹಕ್ಕಿಗೆ ನಾವು ಹೊಸ ಯಜಮಾನರಲ್ಲ, ಅಪರಿಚಿತರು. ಹಳೆಯ ದನಿ, ಹಳೆಯ ಕಿಟಕಿ, ಹಳೆಯ ವೇಳಾಪಟ್ಟಿ ಎಲ್ಲ ಒಂದೇ ದಿನ ಮಾಯವಾಗಿರುತ್ತದೆ. ಆ ದಂಪತಿ ಕೊಟ್ಟ ವಸ್ತುಗಳಲ್ಲಿ ಅತಿ ಬೆಲೆಯದು ಎರಡು ಪುಟದ ಕೈಬರಹ. ಎಷ್ಟು ಹೊತ್ತಿಗೆ ಊಟ, ಯಾವ ಬಟ್ಟೆ ಮುಚ್ಚಿದರೆ ನಿದ್ದೆ, ಬೆರಳು ಚಾಚಿ ‘ಆಜಾ’ ಎಂದರೆ ಟೋನಿ ಹತ್ತುತ್ತಾನೆ, ಕೆಂಪು ಬಟ್ಟೆ ಕಂಡರೆ ಮಿನಿ ಬೆದರುತ್ತಾಳೆ, ರಾತ್ರಿ ಪೂರ್ತಿ ಕತ್ತಲಾದರೆ ಇಬ್ಬರೂ ಪಟಪಟ ಬಡಿದಾಡುತ್ತಾರೆ, ಸಣ್ಣ ದೀಪ ಇರಲಿ. ನೀವು ಹಕ್ಕಿ ತರುವುದಾದರೆ ಪಂಜರಕ್ಕಿಂತ ಮೊದಲು ಇಂಥ ಪಟ್ಟಿ ಕೇಳಿ. ಅವರು ಹೇಳುವಾಗ ನೀವೇ ಬರೆದುಕೊಂಡರೂ ಸರಿ. ಮೊದಲ ವಾರಗಳಲ್ಲಿ ಊಟ, ಮಾತು, ಪಂಜರ ಯಾವುದನ್ನೂ ಒಟ್ಟಿಗೆ ಬದಲಿಸಬೇಡಿ. ನಾವು ಹೊಸ ಪಂಜರವನ್ನು ಹಳೆಯದರ ಪಕ್ಕದಲ್ಲಿ ಬಾಗಿಲು ತೆರೆದಿಟ್ಟೆವು. ಅವೇ ತಮ್ಮಷ್ಟಕ್ಕೆ ದಾಟಿದವು.

ಮುಟ್ಟುವ ಆಸೆಯನ್ನು ತಡೆಯುವುದು ಕಷ್ಟದ ಕೆಲಸ. ನಾನು ಸಂಜೆ ಪಂಜರದ ಪಕ್ಕ ಕೂತು ಪೇಪರ್ ಓದುತ್ತಿದ್ದೆ, ಕೆಲವೊಮ್ಮೆ ಗಟ್ಟಿಯಾಗಿ. ಆಮೇಲೆ ಸರಳಿನ ಸಂದಿಯಿಂದ ಉದ್ದದ ನವಣೆ ತೆನೆ ಚಾಚಿದೆ. ದಿನ ಕಳೆದಂತೆ ತೆನೆ ಗಿಡ್ಡವಾಯಿತು, ಕೊಕ್ಕು ಬೆರಳಿಗೆ ಹತ್ತಿರವಾಯಿತು. ಹಕ್ಕಿ ಏನು ಹೇಳುತ್ತಿದೆ ಎಂಬುದು ಜುಟ್ಟಿನಲ್ಲೇ ಗೊತ್ತಾಗುತ್ತದೆ. ತಲೆಗೆ ಅಂಟಿ ಬುಸ್ ಎಂದರೆ ದೂರ ಹೋಗು, ನೆಟ್ಟಗೆ ನಿಂತರೆ ಬೆಚ್ಚಿದೆ, ಅರ್ಧ ಬಾಗಿದ್ದರೆ ಆರಾಮ. ಕಣ್ಣು ಅರೆಮುಚ್ಚಿ ಕೊಕ್ಕು ಮಸೆಯುತ್ತಿದ್ದರೆ ನೆಮ್ಮದಿಯಿಂದ ನಿದ್ದೆಗೆ ಜಾರುತ್ತಿದೆ. ಬುಸ್ ಎಂದಾಗ ಕೈ ಹಿಂದಕ್ಕೆ ತೆಗೆದರೆ, ನನ್ನ ಮಾತು ಇಲ್ಲಿ ನಡೆಯುತ್ತದೆ ಎಂದು ಅದಕ್ಕೆ ಗೊತ್ತಾಗುತ್ತದೆ. ಕಚ್ಚುವ ಅಗತ್ಯವೇ ಬೀಳುವುದಿಲ್ಲ. ದುಬಾರಿ ಆಟಿಕೆ ತಂದು ಈ ಕೆಲಸವನ್ನು ಬೇಗ ಮುಗಿಸಲು ಬರುವುದಿಲ್ಲ. ನಂಬಿಕೆ ಆರ್‌ಡಿಯ ಹಾಗೆ, ವರ್ಷದ ಕಂತುಗಳನ್ನೆಲ್ಲ ಒಂದೇ ಭಾನುವಾರ ತುಂಬುತ್ತೇನೆ ಎಂದರೆ ನಡೆಯದು. ಟೋನಿ ಹೆಗಲಿಗೆ ಬಂದು ಕುಕ್ಕರ್ ಸೀಟಿ ಅಣಕಿಸುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಮಿನಿ ಈಗಲೂ ಕೈಯಿಂದ ತಿನ್ನುತ್ತಾಳೆ, ಮುಟ್ಟಿಸಿಕೊಳ್ಳುವುದಿಲ್ಲ. ಅದೂ ಒಪ್ಪಂದವೇ.

ಆಫ್ರಿಕನ್ ಗ್ರೇ ಮೇಲೆ ಕಣ್ಣಿಟ್ಟವರಿಗೆ ಒಂದು ಮಾತು. ಅದು ನಲವತ್ತು, ಐವತ್ತು ವರ್ಷ ಬದುಕಬಲ್ಲದು. ನಿಮಗೀಗ ನಲವತ್ತಾಗಿದ್ದರೆ ಹಕ್ಕಿ ನಿಮ್ಮ ಪಿಂಚಣಿಯನ್ನೂ ದಾಟುತ್ತದೆ. ನಮ್ಮ ಕಾನೂನಿನಲ್ಲಿ ಹಕ್ಕಿಯ ಹೆಸರಿಗೆ ಆಸ್ತಿ ಬರೆಯಲಾಗದು. ಉಯಿಲಿನಲ್ಲಿ ಹಕ್ಕಿಯನ್ನೂ ಅದರ ಖರ್ಚಿನ ಹಣವನ್ನೂ ಒಪ್ಪಿಕೊಂಡ ಒಬ್ಬರ ಹೆಸರಿಗೆ ಬರೆಯಬೇಕು. ಕಾಕಟೀಲ್‌ಗೂ ಈ ಪ್ರಶ್ನೆ ಇದ್ದೇ ಇದೆ. ನಾವು ಇಲ್ಲದ ದಿನ ಯಾರು? ದಸರೆಗೆ ಊರಿಗೆ ಹೋದಾಗಲೂ ಅದೇ ಪ್ರಶ್ನೆ. ಕೆಳಗಿನ ಮನೆಯವರು ನಮ್ಮ ಹಕ್ಕಿ ನೋಡಿಕೊಳ್ಳುತ್ತಾರೆ, ಅವರು ಹೋದಾಗ ಅವರ ಮೀನುತೊಟ್ಟಿ ನಮ್ಮ ಪಾಲಿಗೆ.

ತರಬೇಕು ಅನ್ನಿಸಿದವರಿಗೆ ನನ್ನ ಸಲಹೆ ಇಷ್ಟೇ: ಹಕ್ಕಿ ಬರುವ ಮೊದಲೇ ಮೂರು ತಿಂಗಳು ಹಕ್ಕಿ ಇದೆಯೆಂದೇ ಬದುಕಿ ನೋಡಿ. ಆ ದಂಪತಿಯ ವೀಸಾ ತಡವಾಗಿದ್ದರಿಂದ ನಮಗೆ ಆ ಅವಕಾಶ ಸಿಕ್ಕಿತು. ತಿಂಗಳಿಗೆ 1,700 ರೂಪಾಯಿ ಬೇರೆ ಖಾತೆಗೆ ಹಾಕಿ. ದಿನವೂ ಸಂಜೆ ಫೋನ್ ಪಕ್ಕಕ್ಕಿಟ್ಟು ಪಂಜರ ಇಡಬೇಕಾದ ಮೂಲೆಯಲ್ಲಿ ಒಂದು ಗಂಟೆ ಕೂತುಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳಿ, ಪಕ್ಕದವರಿಗೆ ಕಾಕಟೀಲ್ ಕೂಗಿನ ವಿಡಿಯೊ ಜೋರಾಗಿ ಕೇಳಿಸಿ. ಮೂರೂ ತಿಂಗಳು ದುಡ್ಡು, ಹೊತ್ತು ಎರಡರ ಕಂತೂ ತಪ್ಪಲಿಲ್ಲವೆಂದರೆ ಖಾತೆಯಲ್ಲಿ 5,100 ರೂಪಾಯಿ ಇರುತ್ತದೆ, ಮೊದಲ ವೈದ್ಯರ ಬಿಲ್ಲಿಗೆ ಧಾರಾಳ. ಹಕ್ಕಿ ತನ್ನಿ. ಒಂದು ಕಂತು ತಪ್ಪಿದರೂ ನಷ್ಟವೇನಿಲ್ಲ. ದುಡ್ಡು ನಿಮ್ಮದೇ, ಹಕ್ಕಿಗೆ ಮೂರನೇ ಮನೆ ಹುಡುಕುವ ಕೆಲಸವೂ ತಪ್ಪಿತು.