ಮಳೆಯಿಲ್ಲದ ದಿನವೂ ಹರಿಯುವ ರಾಜಕಾಲುವೆ

ಮಳೆ ನಿಂತು ಮೂರು ದಿನವಾದರೂ ಮಳೆನೀರು ಸಾಗಿಸಲೆಂದೇ ಇರುವ ಬೆಂಗಳೂರಿನ ರಾಜಕಾಲುವೆಯಲ್ಲಿ ನಾರುವ ನೀರು ಹರಿಯುತ್ತಿದ್ದರೆ, ಅದು ಮಳೆನೀರಲ್ಲ, ಬಹುಶಃ ಯಾರೋ ಕದ್ದು ಬಿಟ್ಟ ಕೊಳಚೆ. ಮೊದಲು ಹೊತ್ತು ಗಮನಿಸಿ. ಬೆಳಿಗ್ಗೆ ಸ್ನಾನ, ಪಾತ್ರೆ ತೊಳೆಯುವ ಸಮಯಕ್ಕೆ ಹರಿವು ಏರಿದರೆ ಅದು ಬಹುಶಃ ಮನೆಗಳದ್ದು. ರಾತ್ರಿ ಬಣ್ಣದ ನೀರು ಬಂದರೆ ಕಾರ್ಖಾನೆಯ ಕಡೆ ನೋಡಬೇಕು. ಆಮೇಲೆ ಹರಿವಿಗೆ ಎದುರಾಗಿ, ದಡದ ಮೇಲೇ ನಡೆಯಿರಿ. ಒಂದು ಸೇತುವೆಯ ಬಳಿ ಕೊಳಕು, ಹರಿವಿನ ಮೇಲ್ಭಾಗದ ಮುಂದಿನ ಸೇತುವೆಯ ಬಳಿ ಒಣನೆಲ ಎಂದಾದರೆ ಕಳ್ಳ ಪೈಪು ಆ ನಡುವೆಯೇ ಇದೆ. ದಯವಿಟ್ಟು ಕಾಲುವೆಗೆ ಇಳಿಯಬೇಡಿ, ಮ್ಯಾನ್‌ಹೋಲ್ ಮುಚ್ಚಳ ತೆಗೆಯಬೇಡಿ. ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯಬಹುದು.

ಸಮಯ, ಜಾಗ ನಮೂದಿಸಿದ ಫೋಟೊಗಳೊಂದಿಗೆ ಬೆಂಗಳೂರು ಜಲಮಂಡಳಿಗೆ (1916) ದೂರು ಕೊಡಿ. ಕಾರ್ಖಾನೆಯಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, 1974ರ ಜಲ ಕಾಯ್ದೆ ಉಲ್ಲೇಖಿಸಿ ಬರೆಯಿರಿ. ಬಣ್ಣದ ಪರೀಕ್ಷೆ ಮಾಡಿಸಿ ಎಂದು ಕೇಳಿ: ಶಂಕಿತ ಕಟ್ಟಡದ ಶೌಚಾಲಯದಲ್ಲಿ ಸುರಿದ ಬಣ್ಣ ಕಾಲುವೆಯಲ್ಲಿ ಕಂಡರೆ ವಾದಕ್ಕೆ ಜಾಗವಿಲ್ಲ. ಪೈಪು ಮುಚ್ಚಿಸಿ ಸುಮ್ಮನಾಗಬೇಡಿ. ಆ ಕಟ್ಟಡಕ್ಕೆ ಒಳಚರಂಡಿ ಸಂಪರ್ಕ ಸಿಗುವವರೆಗೂ ಬೆನ್ನು ಹತ್ತಿ. ಇಲ್ಲವಾದರೆ ಕೊಳಕು ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ.